ಒಪ್ಪದೆಯೂ ಉಳಿದವರು

ಉರ್ದುವಿನಲ್ಲಿ ‘ತಸ್ಲೀಮ್’ ಎಂಬ ಪದವಿದೆ, ‘ವಫಾ’ ಎಂಬ ಪದವೂ ಇದೆ. ಒಂದು ಮಾತನ್ನು ಸರಿಯೆಂದು ಒಪ್ಪಿ ತಲೆಬಾಗುವುದು ತಸ್ಲೀಮ್. ಕೈಹಿಡಿದವರನ್ನು ಬಿಟ್ಟುಹೋಗದಿರುವುದು ವಫಾ. ಧರ್ಮದ ವಿಷಯ ಬಂದಾಗ ಮಾತ್ರ ನಾವು ಎರಡನ್ನೂ ಒಂದೇ ಎಂದುಕೊಂಡುಬಿಡುತ್ತೇವೆ. ಒಪ್ಪಿದವನು ಒಳಗೆ, ಒಪ್ಪದವನು ಹೊರಗೆ. ಆದರೆ ಒಪ್ಪಲಾರದೆ, ಬಿಡಲೂ ಆರದೆ, ಹೊಸ್ತಿಲ ಮೇಲಲ್ಲ, ನಡುಮನೆಯಲ್ಲೇ ಬಾಳಿದವರಿದ್ದಾರೆ. ಅವರನ್ನು ಏನೆಂದು ಕರೆಯೋಣ?

ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ತನ್ನ ಮಾಂಸವೇ ನಿಜವಾದ ಆಹಾರ, ರಕ್ತವೇ ನಿಜವಾದ ಪಾನ ಎಂದು ಯೇಸು ಕಪೆರ್ನೌಮಿನಲ್ಲಿ ಬೋಧಿಸಿದಾಗ, ಇದು ಕೇಳಲಾಗದ ಮಾತೆಂದು ಗೊಣಗುತ್ತಾ ಶಿಷ್ಯರಲ್ಲೇ ಅನೇಕರು ಹೊರಟುಹೋಗುತ್ತಾರೆ. ಉಳಿದ ಹನ್ನೆರಡು ಮಂದಿಯನ್ನು, ನೀವೂ ಹೋಗಬೇಕೆಂದಿದ್ದೀರಾ ಎಂದು ಯೇಸು ಕೇಳುತ್ತಾರೆ. ಹೋಗುವುದಾದರೂ ಯಾರ ಬಳಿಗೆ ಎಂಬುದು ಪೇತ್ರನ ಮರುಪ್ರಶ್ನೆ. ಗುರುವಿನ ಮೇಲೆ ತನಗೆ ನಂಬಿಕೆಯಿದೆ ಎನ್ನುತ್ತಾನೆಯೇ ಹೊರತು ಆ ಮಾತು ಅರ್ಥವಾಯಿತೆಂದು ಅವನು ಹೇಳುವುದಿಲ್ಲ. ಮುಸ್ಲಿಮರಾದ ನಮಗೆ ಆ ಬೋಧನೆ ಹೊರಗಿನದು. ಪೇತ್ರನ ಪರಿಸ್ಥಿತಿ ಹೊರಗಿನದಲ್ಲ.

ಅದೇ ಪರಿಸ್ಥಿತಿ ಇಪ್ಪತ್ತನೆಯ ಶತಮಾನದಲ್ಲಿ ಷಿಕಾಗೋದ ಒಂದು ಕ್ಯಾಥೊಲಿಕ್ ದಂಪತಿಗೆ ಬಂತು. ಪ್ಯಾಟ್ರಿಕ್ ಕ್ರೌಲಿ ವಕೀಲರು, ಅವರ ಪತ್ನಿ ಪ್ಯಾಟಿ. ಕ್ರೈಸ್ತ ಕುಟುಂಬ ಚಳವಳಿಯನ್ನು ಕಟ್ಟಿದವರು, ತಮ್ಮ ಮಕ್ಕಳ ಜೊತೆಗೆ ಅನೇಕ ಸಾಕುಮಕ್ಕಳನ್ನೂ ಸಲಹಿದವರು. ಕೃತಕ ಗರ್ಭನಿರೋಧವನ್ನು ಚರ್ಚು ಪಾಪವೆಂದು ಹೇಳುತ್ತಾ ಬಂದಿತ್ತು. ಈ ಪ್ರಶ್ನೆಯ ಪರಿಶೀಲನೆಗೆಂದು ಇಪ್ಪತ್ತಮೂರನೆಯ ಜಾನ್ ಪೋಪರು 1963ರಲ್ಲಿ ಒಂದು ಆಯೋಗ ರಚಿಸಿದರು. ಅವರ ನಂತರ ಬಂದ ಆರನೆಯ ಪಾಲ್ ಅದನ್ನು ಹಿಗ್ಗಿಸಿ, ಗುರುಗಳು ವೈದ್ಯರ ಜೊತೆಗೆ ಕೆಲವು ವಿವಾಹಿತ ದಂಪತಿಗಳನ್ನೂ ಸೇರಿಸಿಕೊಂಡರು. ಕ್ರೌಲಿ ದಂಪತಿ 1965ರಲ್ಲಿ ರೋಮಿಗೆ ಹೋದಾಗ ಗಂಡನಿಗೆ ಗುರುಗಳ ಕಾಲೇಜಿನಲ್ಲಿ ಬಿಡಾರ, ಹೆಂಡತಿಗೆ ದೂರದ ಸನ್ಯಾಸಿನಿಯರ ಮಠದಲ್ಲಿ! ದಾಂಪತ್ಯದ ಚರ್ಚೆಗೆ ಬಂದವರಿಗೆ ಇಂಥ ವ್ಯವಸ್ಥೆ. ಕತೆಯಲ್ಲಿ ನಾವು ಹೀಗೆ ಬರೆದಿದ್ದರೆ ಅತಿಯಾಯಿತೆಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಅವರು ಬರಿಗೈಯಲ್ಲಿ ಹೋಗಲಿಲ್ಲ. ಚಳವಳಿಯ ಕುಟುಂಬಗಳಿಂದ ಪತ್ರಗಳನ್ನು ತರಿಸಿಕೊಂಡಿದ್ದರು. ಬರೆದವರು ಚರ್ಚಿನ ವಿರೋಧಿಗಳಲ್ಲ, ತಪ್ಪದೆ ಪ್ರಾರ್ಥನೆಗೆ ಹೋಗುವ ಗಂಡ ಹೆಂಡಿರು. ಚರ್ಚು ಅನುಮತಿಸಿದ್ದ, ದಿನಗಳ ಲೆಕ್ಕ ಹಾಕುವ ವಿಧಾನ ತಮ್ಮ ನಡುವಿನ ಪ್ರೀತಿಯನ್ನು ಹೇಗೆ ಭಯವಾಗಿಸಿದೆ ಎಂಬುದನ್ನು ಅವರು ಬಿಚ್ಚಿ ಬರೆದಿದ್ದರು. ನಿಯಮ ಬದಲಾದರೆ, ಇದೇ ಪಾಪಕ್ಕಾಗಿ ಈವರೆಗೆ ನರಕಕ್ಕೆ ಕಳಿಸಿದವರ ಗತಿಯೇನೆಂದು ಧರ್ಮಶಾಸ್ತ್ರಜ್ಞರೊಬ್ಬರು ಆಯೋಗದಲ್ಲಿ ಕೇಳಿದಾಗ, ನಿಮ್ಮ ಆಜ್ಞೆಗಳನ್ನೆಲ್ಲ ದೇವರು ಪಾಲಿಸಿದ್ದಾನೆಂದು ನಿಜಕ್ಕೂ ನಂಬಿದ್ದೀರಾ ಎಂದು ಪ್ಯಾಟಿ ತಿರುಗಿ ಕೇಳಿದರಂತೆ. ನಮ್ಮ ಕೆಲವು ಮೌಲವಿ ಸಾಹೇಬರಿಗೂ ಈ ಪ್ರಶ್ನೆಯನ್ನು ತಲುಪಿಸಬಹುದು.

1966ರಲ್ಲಿ ಆಯೋಗದ ಬಹುಮತ ಬದಲಾವಣೆಯ ಪರವಾಗಿತ್ತು. 1968ರ ಜುಲೈಯಲ್ಲಿ ಪೋಪರ ಆಜ್ಞಾಪತ್ರ ಹೊರಬಿತ್ತು. ನಿಷೇಧ ಹಾಗೆಯೇ ಉಳಿದಿತ್ತು.

ಪ್ರವಾದಿಯವರ ಕಾಲದಲ್ಲೇ ಅಝ್ಲ್ ರೂಢಿಯಲ್ಲಿತ್ತೆಂದು ಹದೀಸ್‌ಗಳಿವೆ, ಇಮಾಮ್ ಗಝಾಲಿ ಅದನ್ನು ಹರಾಮ್ ಎನ್ನಲಿಲ್ಲ. ಹೀಗಾಗಿ ಈ ಕತೆ ಕೇಳಿ ನಾವು ಹಗುರಾಗಿ ನಕ್ಕುಬಿಡಬಹುದು. ನೆರೆಯವನ ಹೊರೆ ಯಾವಾಗಲೂ ಹಗುರವೇ. ಆದರೆ ತಲಾಕಿನ ಬಗ್ಗೆ ಪ್ರಶ್ನೆ ಎತ್ತಿದ ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕಿದ ಬುದ್ಧಿಮಾತು ಯಾವುದು? ಹೊರಗಿನವರು ‘ಇಷ್ಟು ಕಷ್ಟವಿದ್ದರೆ ಧರ್ಮವನ್ನೇ ಬಿಡಬಾರದೇ?’ ಎಂದರು. ಒಳಗಿನವರು ‘ಇರುವುದಾದರೆ ಬಾಯಿ ಮುಚ್ಚಿಕೊಂಡಿರು’ ಎಂದರು. ಎರಡೂ ಕಡೆಯವರ ತರ್ಕ ಒಂದೇ: ಉಳಿಯುವುದೆಂದರೆ ಒಪ್ಪುವುದು. ಪ್ಯಾಟಿ ಕ್ರೌಲಿ ಈ ತರ್ಕಕ್ಕೆ ಸಿಕ್ಕಲಿಲ್ಲ. ತಮಗೆ ದ್ರೋಹವಾಯಿತೆಂಬ ನೋವನ್ನು ಅವರು ಬಚ್ಚಿಡಲಿಲ್ಲ, ಚರ್ಚನ್ನು ಬಿಡಲೂ ಇಲ್ಲ.

ಹುದೈಬಿಯಾದ ಒಪ್ಪಂದ ನಮಗೆ ನೆನಪಾಗುತ್ತದೆ. 628ರಲ್ಲಿ, ಕಾಬಾ ಕಾಣದೆಯೇ ಹಿಂತಿರುಗಬೇಕಾಗಿ ಬಂದಾಗ, ಮಕ್ಕಾದಿಂದ ಓಡಿಬಂದವರನ್ನು ಮರಳಿ ಒಪ್ಪಿಸಬೇಕೆಂಬ ಶರತ್ತಿನ ಮುಂದೆ ಅಬೂ ಜಂದಲ್ ಸಂಕೋಲೆಯಲ್ಲೇ ಬಂದು ನಿಂತಾಗ, ಹಜ್ರತ್ ಉಮರ್ ತಡೆದುಕೊಳ್ಳಲಾರದೆ ಪ್ರವಾದಿಯವರನ್ನೇ ಪ್ರಶ್ನಿಸಿದರು. ನಾವು ಸತ್ಯದ ಮೇಲಿಲ್ಲವೇ, ಮತ್ತೇಕೆ ಈ ಅವಮಾನ ಎಂಬರ್ಥದಲ್ಲಿ. ಬಲಿಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಮೂರು ಬಾರಿ ಹೇಳಿದರೂ ಅನುಚರರಲ್ಲಿ ಯಾರೂ ಏಳಲಿಲ್ಲ. ಯಾರ ಈಮಾನಿಗೂ ಅದರಿಂದ ಕುಂದು ಬಂತೆಂದು ನಾವು ಹೇಳುವುದಿಲ್ಲ. ಆದರೂ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಎರಡೇ ವರ್ಷದಲ್ಲಿ ಮಕ್ಕಾ ಕೈವಶವಾಗಿ ಉಮರರ ಪ್ರಶ್ನೆಗೆ ಕಾಲವೇ ಉತ್ತರ ಕೊಟ್ಟಿತು. ಅವರ ಎದುರು ಇದ್ದುದು ಪ್ರವಾದಿ, ಆಯೋಗದ ವರದಿ ಪಡೆದ ಪೋಪರಲ್ಲ. ಪ್ಯಾಟಿಗೆ ಉತ್ತರ ಬರಲೇ ಇಲ್ಲ. ಉತ್ತರ ಬರುವವರೆಗೆ ಕಾಯುವುದು ಸಬರ್. ಬಾರದೆಂದು ಗೊತ್ತಾದ ಮೇಲೂ ಇರುವುದಕ್ಕೆ ನಮಗೆ ಬೇರೆ ಹೆಸರು ಹೊಳೆಯದು, ವಫಾ ಎಂಬುದನ್ನು ಬಿಟ್ಟು.

ಇದನ್ನು ಯಾರೂ ಇನ್ನೊಬ್ಬರಿಗೆ ವಿಧಿಸುವಂತಿಲ್ಲ. ಆ ಪತ್ರಗಳನ್ನು ಬರೆದ ತಾಯಂದಿರಲ್ಲಿ ಯಾರಾದರೂ ಸೋತು ಚರ್ಚಿನ ಬಾಗಿಲು ದಾಟಿ ಹೋಗಿದ್ದರೆ ಅವರನ್ನು ವಫಾ ಇಲ್ಲದವರೆಂದು ಕರೆಯಲು ನಮ್ಮ ನಾಲಗೆ ಏಳದು. ನಿಯಮದ ಬೆಲೆ ತೆತ್ತದ್ದು ಅವರ ದೇಹ, ನಿಯಮ ಮಾಡಿದವರದಲ್ಲ. ಉಳಿಯುವ ನಿರ್ಧಾರಕ್ಕೆ ಗೌರವವಿರುವುದು ಅದು ಉಳಿದವರದೇ ನಿರ್ಧಾರವಾದಾಗ.

ಪ್ಯಾಟ್ರಿಕ್ 1974ರಲ್ಲಿ ತೀರಿಕೊಂಡರು. ಪ್ಯಾಟಿ ಇನ್ನೂ ಮೂವತ್ತೊಂದು ವರ್ಷ ಬದುಕಿದರು. ಷಿಕಾಗೋದಲ್ಲಿ ಮನೆಯಿಲ್ಲದ ಹೆಂಗಸರಿಗೆ ಆಸರೆ ಕಟ್ಟಲು ದುಡಿದರು, ಜೈಲಿನಲ್ಲಿದ್ದ ಹೆಂಗಸರನ್ನು ಕಾಣಲು ಹೋಗುತ್ತಿದ್ದರು. 2005ರಲ್ಲಿ, 92ನೆಯ ವಯಸ್ಸಿನಲ್ಲಿ ಸಾಯುವಾಗಲೂ ಅವರು ಕ್ಯಾಥೊಲಿಕರೇ. ದಂಪತಿಯ ಕಾಗದಪತ್ರಗಳು ಈಗ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ದಾಖಲೆ ಭಂಡಾರದಲ್ಲಿವೆ. ನಿಷೇಧವೂ ಹಾಗೆಯೇ ಇದೆ.