ದೋಣಿಯ ಮೋಟಾರಿಗೆ ಹಾಕುವ ಎಣ್ಣೆ, ಕೆಳಗಿನ ಊರು ಕುಡಿಯುವ ನೀರು

ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರಿಗೆ ಯಾವ ಎಣ್ಣೆ ಬೆರೆಸಬೇಕು ಎಂದು ಕೇಳಿದರೆ ಮೆಕ್ಯಾನಿಕ್ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರಬೇಕು. ಈಚಿನ ಬಹುಪಾಲು ಮೋಟಾರುಗಳಿಗೆ 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಸಾಕು. ಉತ್ತರ ಸರಿಯಾಗಿಯೇ ಇದೆ. ಆದರೆ ಅದರಲ್ಲಿ ವಿಚಾರಿಸಿರುವುದು ಎಂಜಿನ್ನಿನ ಯೋಗಕ್ಷೇಮವನ್ನು ಮಾತ್ರ. ನ್ಯಾಮತಿ, ಹೊನ್ನಾಳಿ ತಾಲ್ಲೂಕುಗಳ ದಂಡೆಯಲ್ಲಿ ಹರಿಯುವ ತುಂಗಭದ್ರೆಯ ಮೇಲೋ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಮೇಲೋ ಆ ಮೋಟಾರನ್ನು ಓಡಿಸುವುದಾದರೆ, ವಿಚಾರಿಸಬೇಕಾದವರು ಇನ್ನೂ ಬಹಳ ಮಂದಿ ಇದ್ದಾರೆ. ಅವರನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಎಣ್ಣೆಯ ಆಯ್ಕೆ ಧರ್ಮದ ಪ್ರಶ್ನೆಯಾಗುತ್ತದೆ. ನೀರನ್ನು ತೀರ್ಥವೆಂದು ಕರೆಯುವವರು ಈ ಪ್ರಶ್ನೆಯಿಂದ ನುಣುಚಿಕೊಳ್ಳಲಾರರು ಎಂಬುದು ನನ್ನ ವಾದ.

ಕಾರಣ ಯಂತ್ರದ ರಚನೆಯಲ್ಲೇ ಇದೆ. ನಾಲ್ಕು ಸ್ಟ್ರೋಕಿನ ಎಂಜಿನ್ ತನ್ನ ಎಣ್ಣೆಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಕಪ್ಪಾದಾಗ ನಟ್ ಬಿಚ್ಚಿ ಬಸಿದು ಹೊಸದು ತುಂಬಬಹುದು. ಟೂ-ಸ್ಟ್ರೋಕಿನಲ್ಲಿ ಹಾಗಿಲ್ಲ. ಪೆಟ್ರೋಲಿನ ಜೊತೆ ಒಳಹೋದ ಎಣ್ಣೆ ಕ್ರ್ಯಾಂಕ್, ಬೇರಿಂಗು, ಪಿಸ್ಟನ್ನುಗಳನ್ನು ಸವರಿ, ಅಷ್ಟಿಷ್ಟು ಉರಿದು, ಉಳಿದದ್ದು ಹೊಗೆಯ ಜೊತೆ ಹೊರಬೀಳುತ್ತದೆ. ಔಟ್‌ಬೋರ್ಡ್ ಮೋಟಾರಿನ ಹೊಗೆನಳಿಗೆ ತೆರೆದುಕೊಳ್ಳುವುದು ನೀರಿನೊಳಗೆ, ಹೆಚ್ಚಾಗಿ ಪ್ರೊಪೆಲ್ಲರಿನ ನಡುವಿನಿಂದ. 25 ಲೀಟರಿನ ಒಂದು ಟ್ಯಾಂಕಿನಲ್ಲಿ ಅರ್ಧ ಲೀಟರ್ ಎಣ್ಣೆ ಇರುತ್ತದೆ. ಅದರಲ್ಲಿ ಒಂದು ಹನಿಯೂ ಎಂಜಿನ್ನಿನಲ್ಲಿ ನಿಲ್ಲುವುದಿಲ್ಲ. ಕಾರ್ಬುರೇಟರ್ ಇರುವ ಹಳೆಯ ಮಾದರಿಗಳಲ್ಲಿ ಇಂಧನದ ಶೇ 25ರಿಂದ 30ರವರೆಗೆ ಉರಿಯದೆಯೇ ಹೊರಹೋಗಬಹುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿದೆ. ಅಂದರೆ ಟೂ-ಸ್ಟ್ರೋಕ್ ಮೋಟಾರಿಗೆ ಹಾಕುವ ಎಣ್ಣೆಯನ್ನು ನಾವು ಬಳಸುತ್ತೇವೆ ಎನ್ನುವುದು ಅರ್ಧಸತ್ಯ. ಅದನ್ನು ಯಂತ್ರದ ಮೂಲಕ ಹಾಯಿಸಿ ನೀರಿಗೆ ಕೊಡುತ್ತೇವೆ.

ಕೊಡುವುದರ ಬಗ್ಗೆ ಈ ನಾಡು ಗಾಢವಾಗಿ ಯೋಚಿಸಿದೆ. ಶರಣರ ದಾಸೋಹದಲ್ಲಿ ಎಷ್ಟು ಕೊಟ್ಟೆ ಎನ್ನುವುದಕ್ಕಿಂತ ಎಂಥದನ್ನು ಕೊಟ್ಟೆ, ಎಂಥ ಕಾಯಕದಿಂದ ಬಂದದ್ದನ್ನು ಕೊಟ್ಟೆ ಎನ್ನುವುದು ಮುಖ್ಯ. ದೋಣಿ ನಡೆಸುವುದನ್ನೇ ಕಾಯಕ ಮಾಡಿಕೊಂಡಿದ್ದ 12ನೇ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಅಂಟಿಕೊಂಡಿರುವ ಚೌಡದಾನಪುರ ಇದೇ ತುಂಗಭದ್ರೆಯ ದಡದಲ್ಲಿ, ಹೊನ್ನಾಳಿಯಿಂದ ಕೆಳಗೆ, ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ಆತ ದೇವರ ಹೆಸರಿನ ಬದಲು ತನ್ನ ಹೆಸರನ್ನೇ ವಚನಗಳ ಅಂಕಿತ ಮಾಡಿಕೊಂಡ. ಆಡಿದ ಮಾತಿಗೆ ತಾನೇ ಹೊಣೆ ಎಂಬ ಆ ದಿಟ್ಟತನ ದೋಣಿಯ ಕೆಲಸಕ್ಕೂ ಸಲ್ಲಬೇಕು. ಕಾಯಕ ಶುದ್ಧವಾಗಿರಬೇಕು ಎಂದರೆ ಕೂಲಿಯಲ್ಲಿ ಮೋಸವಿರಬಾರದು ಎಂದಷ್ಟೇ ಅರ್ಥ ಮಾಡಿಕೊಂಡರೆ ಸಾಲದು. ಕಾಯಕದ ಬೆನ್ನಿಗೆ ಉಳಿಯುವ ಕೊಳೆಯೂ ಆ ಶುದ್ಧಿಯ ಲೆಕ್ಕಕ್ಕೆ ಬರಬೇಕು.

ಕೊಳೆ ಯಾರಿಗೆ ತಲುಪುತ್ತದೆ ಎಂದು ನೋಡಿದರೆ ವಿಷಯ ಇನ್ನೂ ಗಂಭೀರವಾಗುತ್ತದೆ. ಕೂಡ್ಲಿಯಲ್ಲಿ ಒಂದಾದ ತುಂಗೆ–ಭದ್ರೆ ನ್ಯಾಮತಿ, ಹೊನ್ನಾಳಿಗಳನ್ನು ದಾಟಿ ಹರಿಹರಕ್ಕೆ ಬರುತ್ತವೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳವೂ ಹರಿಹರದಲ್ಲೇ ನದಿಯನ್ನು ಸೇರುತ್ತದೆ. ಮಳೆಯನ್ನು ನೆಚ್ಚಿ ಪದೇ ಪದೇ ಬರ ಕಂಡ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ನೀರು ತುಂಬಿಸುವ ಯೋಜನೆ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ಈ ತುಂಗಭದ್ರೆಯಿಂದಲೇ ನೀರೆತ್ತುತ್ತದೆ. ಸೂಳೆಕೆರೆಯಂತೂ ಚನ್ನಗಿರಿಗಷ್ಟೇ ಅಲ್ಲದೆ ಚಿತ್ರದುರ್ಗ, ಜಗಳೂರಿನಂಥ ದೂರದ ಊರುಗಳಿಗೂ ಕುಡಿಯುವ ನೀರು ಕೊಟ್ಟ ಕೆರೆ. ಹಾಗಾಗಿ ಹೊನ್ನಾಳಿಯ ಹೊಳೆಯಲ್ಲಿ ಮೋಟಾರ್ ಓಡಿಸುವವನಿಗೂ ಜಗಳೂರಿನ ಒಣನೆಲದಲ್ಲಿ ಕೊಡ ತುಂಬುವವಳಿಗೂ ಸಂಬಂಧವಿದೆ. ಇವನು ಅವಳನ್ನು ನೋಡಿಲ್ಲ, ಅವಳು ದೋಣಿಯನ್ನು ನೋಡಿಲ್ಲ. ಎದುರಿಗಿಲ್ಲದವರ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತೇವೆ ಎನ್ನುವುದರಲ್ಲೇ ಧರ್ಮದ ಪರೀಕ್ಷೆ ಇರುವುದು. ಎದುರಿಗಿದ್ದವರ ಮುಂದೆ ಸಂಕೋಚವೇ ಅರ್ಧ ಕೆಲಸ ಮಾಡಿಬಿಡುತ್ತದೆ.

ಇದಕ್ಕೆ ಆಸ್ತಿಕರಿಂದಲೇ ಒಂದು ಆಕ್ಷೇಪ ಬರುತ್ತದೆ: ನದಿ ಎಲ್ಲವನ್ನೂ ಶುದ್ಧಿ ಮಾಡುತ್ತದೆ, ಅದನ್ನು ಮೈಲಿಗೆ ಮಾಡಲು ನಾವ್ಯಾರು? ಆದರೆ ನೀರಿನ ಪಾವಿತ್ರ್ಯವನ್ನು ಕಟ್ಟುನಿಟ್ಟಾಗಿ ನಂಬಿದವರೇ ಅದಕ್ಕೆ ಕಟ್ಟುಪಾಡುಗಳನ್ನೂ ವಿಧಿಸಿದರು. ಮನುಸ್ಮೃತಿಯನ್ನು ಒಪ್ಪದವರು ನಮ್ಮಲ್ಲಿ ಬಹಳ, ಒಪ್ಪದಿರಲು ಗಟ್ಟಿ ಕಾರಣಗಳೂ ಇವೆ. ಆದರೂ ಅದರ ನಾಲ್ಕನೆಯ ಅಧ್ಯಾಯ ಮಲಮೂತ್ರ, ಉಗುಳು, ರಕ್ತ, ವಿಷಗಳನ್ನು ನೀರಿಗೆ ಬಿಡಬಾರದು ಎನ್ನುತ್ತದೆ ಎಂಬುದನ್ನು ಗಮನಿಸಬೇಕು. ನೀರು ತಾನಾಗಿ ಎಲ್ಲವನ್ನೂ ತೊಳೆದುಕೊಳ್ಳುತ್ತದೆ ಎಂದು ಅವರು ನಂಬಿದ್ದರೆ ಈ ನಿಷೇಧ ಬೇಕಿರಲಿಲ್ಲ. ಇನ್ನೊಂದು ಆಕ್ಷೇಪ ಲೆಕ್ಕದ್ದು. ಸುಮಾರು 2,700 ಹೆಕ್ಟೇರ್ ಹರಡಿದ ಸೂಳೆಕೆರೆಗೆ ಅರ್ಧ ಲೀಟರ್ ಎಣ್ಣೆ ಏನು ಮಾಡೀತು? ಊರ ಚರಂಡಿ, ಗದ್ದೆ ತೋಟಗಳ ಗೊಬ್ಬರ, ಬಣ್ಣದ ಗಣಪತಿಗಳ ಮುಂದೆ ಇದು ಯಾವ ಲೆಕ್ಕ? ಈ ಮಾತಿನಲ್ಲಿ ಹುರುಳಿದೆ. ಚರಂಡಿಯೇ ದೊಡ್ಡ ಪಾಪ, ಅದನ್ನು ಮರೆಸಲು ದೋಣಿಯ ಎಣ್ಣೆಯನ್ನು ಮುಂದಿಡಬಾರದು. ಆದರೆ ಎಣ್ಣೆ ಉಪ್ಪಿನಂತೆ ಕರಗಿ ಕೆರೆಯ ತುಂಬ ಸಮನಾಗಿ ಹಂಚಿಹೋಗುವುದಿಲ್ಲ. ತೆಳುವಾದ ಪದರವಾಗಿ ಮೇಲೆ ತೇಲಿ, ಗಾಳಿ ಬೀಸಿದ ಕಡೆಯ ದಡಕ್ಕೆ ಸರಿಯುತ್ತದೆ. ಮೀನಿನ ಮರಿಗಳು ಬೆಳೆಯುವುದೂ ದನಗಳು ಬಾಯಿ ಹಾಕುವುದೂ ಆ ದಡದ ತೆಳುನೀರಿನಲ್ಲೇ. ಬೇಸಿಗೆಯಲ್ಲಿ ಕೆರೆ ಕುಗ್ಗಿದಾಗ 2,700 ಹೆಕ್ಟೇರಿನ ಸಮಾಧಾನವೂ ಉಳಿಯುವುದಿಲ್ಲ.

ಇನ್ನು ಎಣ್ಣೆಯ ಆಯ್ಕೆಗೇ ಬರೋಣ. ಸ್ಕೂಟರು, ಆಟೋಗಳ ಟೂ-ಟಿ ಆಯಿಲ್ ಗಾಳಿಯಿಂದ ತಣಿಯುವ, ಹೆಚ್ಚು ಕಾಯುವ ಎಂಜಿನ್ನಿಗಾಗಿ ಮಾಡಿದ್ದು. ಅದರಲ್ಲಿರುವ ಕ್ಯಾಲ್ಸಿಯಂನಂಥ ಲೋಹದ ಸಂಯುಕ್ತಗಳು ಉರಿದಾಗ ಬೂದಿ ಉಳಿಯುತ್ತದೆ. ಹೊಳೆಯ ನೀರನ್ನೇ ಎಳೆದು ತಣಿಯುವ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಆ ಬೂದಿ ಪಿಸ್ಟನ್ನಿನ ತಲೆಯ ಮೇಲೆ, ಪ್ಲಗ್ಗಿನ ತುದಿಯಲ್ಲಿ ಗಂಟು ಕಟ್ಟಿ ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಇಂಧನಕ್ಕೆ ಬೆಂಕಿ ಹೊತ್ತಿಸುತ್ತದೆ. ಟಿಸಿ-ಡಬ್ಲ್ಯೂ3 ಬೂದಿ ಬಿಡದ ಎಣ್ಣೆ. ಅಳತೆಯೂ ಅಷ್ಟೇ ಮುಖ್ಯ. ಒಂದು ಹಿಡಿ ಹೆಚ್ಚಿಗೆ ಸುರಿದರೆ ಎಂಜಿನ್ ಸೀಜ್ ಆಗುವುದಿಲ್ಲ ಎಂಬ ನಂಬಿಕೆ ಟೂ-ಸ್ಟ್ರೋಕ್ ಆಟೋಗಳ ಕಾಲದಲ್ಲಿ ನಗರಗಳಿಗೆ ಬಿಳಿಹೊಗೆ ಕುಡಿಸಿತು. 1998ರ ಕೊನೆಯಲ್ಲಿ ದೆಹಲಿಯಲ್ಲಿ ಬಿಡಿ ಎಣ್ಣೆ ಮಾರಾಟ ನಿಲ್ಲಿಸಿ, ಬಂಕಿನಲ್ಲೇ ಅಳೆದು ಬೆರೆಸಿಕೊಡುವ ಕ್ರಮ ತರಬೇಕಾಯಿತು. ಭಯದಿಂದ ಸುರಿದ ಹೆಚ್ಚುವರಿ ಎಣ್ಣೆಯಿಂದ ಎಂಜಿನ್ನಿಗೂ ಲಾಭವಿಲ್ಲ, ಪ್ಲಗ್ ಕಪ್ಪಾಗುವುದಷ್ಟೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಎಣ್ಣೆ ಐವತ್ತೊಂದರಲ್ಲಿ ಒಂದು ಪಾಲು. ಉಳಿದ ಐವತ್ತೂ ಪೆಟ್ರೋಲ್. ಉರಿಯದೆ ಹೊರಬೀಳುವುದರಲ್ಲೂ ಪೆಟ್ರೋಲೇ ಹೆಚ್ಚು, ಬೆಂಜೀನ್ ಟಾಲ್ಯುವೀನ್‌ಗಳ ಸಮೇತ. ಮಣ್ಣಿನ ಸೂಕ್ಷ್ಮಜೀವಿಗಳು ಜೀರ್ಣಿಸಿಕೊಳ್ಳಬಲ್ಲ ಎಸ್ಟರ್ ಎಣ್ಣೆ ಕೊಂಡರೂ ಈ ಐವತ್ತು ಪಾಲು ಹಾಗೇ ಇರುತ್ತದೆ. ಹಾಗಿದ್ದರೆ ಒಳ್ಳೆಯ ಎಣ್ಣೆ ಬರಿಯ ಮನಸ್ಸಮಾಧಾನವೇ? ಎಣ್ಣೆಯಲ್ಲೇ ಯೋಚನೆ ನಿಂತರೆ ಹೌದು. ಹೊಣೆಯ ಎಳೆ ಹಿಡಿದು ಹೊರಟವನು ಮಾತ್ರ ಎಣ್ಣೆಯಿಂದ ಎಂಜಿನ್ನಿಗೆ ಬರಲೇಬೇಕು, ಬೇರೆ ನಾಡುಗಳಲ್ಲಿ ಬಂದಿದ್ದಾರೆ ಕೂಡ. ಸುಮಾರು 40 ಲಕ್ಷ ಜನರಿಗೆ ಕುಡಿಯುವ ನೀರು ಕೊಡುವ, ಜರ್ಮನಿ–ಸ್ವಿಟ್ಜರ್‌ಲೆಂಡ್–ಆಸ್ಟ್ರಿಯಾಗಳ ನಡುವಿನ ಬೋಡನ್‌ಸೇ ಸರೋವರದಲ್ಲಿ 1993ರಿಂದಲೇ ದೋಣಿಯ ಹೊಗೆಗೆ ಮಿತಿ ಹಾಕಿದರು. ಅಮೆರಿಕದ ಟಾಹೋ ಸರೋವರದಲ್ಲಿ 1999ರಲ್ಲಿ ಕಾರ್ಬುರೇಟರಿನ ಟೂ-ಸ್ಟ್ರೋಕ್ ಮೋಟಾರುಗಳಿಗೆ ನಿಷೇಧ ಬಂತು. ಸೂಳೆಕೆರೆಯಲ್ಲಿ ವಿಹಾರಕ್ಕೆಂದು ಮೋಟಾರ್ ದೋಣಿ ಬಿಡುವುದಾದರೆ ನಾಲ್ಕು ಸ್ಟ್ರೋಕಿನದೋ ಬ್ಯಾಟರಿಯದೋ ಬಿಡಬೇಕು. ಅಲ್ಲಿ ಟೂ-ಸ್ಟ್ರೋಕಿಗೆ ಸರಿಯಾದ ಎಣ್ಣೆ ಯಾವುದೂ ಇಲ್ಲ ಎಂದೇ ನಾನು ಹೇಳುತ್ತೇನೆ. ಇದು ಬಡವನ ಹೊಟ್ಟೆಯ ಮೇಲೆ ಹೊಡೆಯುವ ಮಾತಲ್ಲ. ಹರಿಗೋಲಿನಲ್ಲಿ ಕೂತು ಬಲೆ ಬೀಸುವವನು ಎಣ್ಣೆಯನ್ನೇ ಸುಡುವುದಿಲ್ಲ.

ಜೀವ ಉಳಿಸುವ ದೋಣಿಯ ವಿಷಯ ಬೇರೆ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ತಗ್ಗಿನ ಮನೆಗಳಿಗೆ ನುಗ್ಗಿದಾಗ ರಬ್ಬರ್ ದೋಣಿಗೆ ಯಾವ ಮೋಟಾರ್ ಇದೆಯೋ ಅದನ್ನೇ ಓಡಿಸಬೇಕು. ಆಗ ಎಣ್ಣೆಯ ಶುದ್ಧಿ ವಿಚಾರಿಸುತ್ತ ನಿಲ್ಲುವುದು ಅಧರ್ಮ. ಆದರೆ ಆ ಹೊತ್ತಿಗೆ ಬೇಕಾದ ಎಣ್ಣೆಯನ್ನು ಕೊಳ್ಳುವುದು ಆ ಹೊತ್ತಿನಲ್ಲಲ್ಲ. ಬೂದಿಯ ಎಣ್ಣೆಯಿಂದ ಪ್ಲಗ್ ಕಟ್ಟಿಕೊಂಡ ಮೋಟಾರ್ ನಡುಹೊಳೆಯಲ್ಲಿ ಕೈಕೊಟ್ಟರೆ ಹೋಗುವುದು ಜೀವ. ಹಿಂದಿನ ವರ್ಷ ಬೆರೆಸಿಟ್ಟ ಪೆಟ್ರೋಲ್ ಹಳಸಿ ಅಂಟಾಗಿದ್ದರೂ ಅಷ್ಟೇ. ಹಾಗಾಗಿ ದೋಣಿ ಇಟ್ಟುಕೊಂಡ ಕಚೇರಿಗಳು ಬೇಸಿಗೆಯಲ್ಲಿ ಖರೀದಿ ಪಟ್ಟಿ ಬರೆಯುವಾಗ ಬರಿಯ 'ಟೂ-ಟಿ ಆಯಿಲ್' ಎಂದು ಬರೆಯದೆ ಟಿಸಿ-ಡಬ್ಲ್ಯೂ3 ಎಂದೇ ಬರೆಯಬೇಕು, ಡಬ್ಬಿಯ ಜೊತೆ ಒಂದು ಅಳತೆ ಲೋಟವನ್ನೂ ಸೇರಿಸಬೇಕು, ಉಳಿದ ಹಳೆಯ ಮಿಶ್ರಣವನ್ನು ಚರಂಡಿಗೆ ಚೆಲ್ಲದೆ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವವರಿಗೆ ಒಪ್ಪಿಸಬೇಕು. ಮುಂದಿನ ಮೋಟಾರ್ ಕೊಳ್ಳುವಾಗ ನಾಲ್ಕು ಸ್ಟ್ರೋಕಿನದನ್ನೇ ಕೇಳಬೇಕು.