ಚಾಪೆಯ ನಾಲ್ಕು ಮೂಲೆಗಳು



ನಡೆಯಲಾರದ ಇಬ್ಬರು ಮನುಷ್ಯರನ್ನು ಶುಭಸಂದೇಶಗಳು ನಮ್ಮ ಮುಂದೆ ತಂದು ನಿಲ್ಲಿಸುತ್ತವೆ. ಒಬ್ಬನನ್ನು ಸಂತ ಯೊವಾನ್ನನು ತನ್ನ ಐದನೆಯ ಅಧ್ಯಾಯದಲ್ಲಿ ತೋರಿಸುತ್ತಾನೆ. ಅವನು ಜೆರುಸಲೇಮಿನ ಬೆತ್ಸಥಾ ಎಂಬ ಕೊಳದ ದಡದಲ್ಲಿ ಮಲಗಿದ್ದವನು. ಮೂವತ್ತೆಂಟು ವರ್ಷಗಳಿಂದ ರೋಗಿ. ಗುಣವಾಗಲು ಮನಸ್ಸುಂಟೇ ಎಂದು ಪ್ರಭು ಕೇಳಿದಾಗ ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ನೀರು ಉಕ್ಕಿದಾಗ ತನ್ನನ್ನು ಅದರೊಳಗೆ ಇಳಿಸುವವರು ಯಾರೂ ಇಲ್ಲವೆಂದು ಹೇಳಿಕೊಂಡ. ಇನ್ನೊಬ್ಬನನ್ನು ಸಂತ ಮಾರ್ಕನು ಎರಡನೆಯ ಅಧ್ಯಾಯದಲ್ಲಿ ತೋರಿಸುತ್ತಾನೆ. ಇವನು ಕಫೆರ್ನಾವುಮಿನ ಪಾರ್ಶ್ವವಾಯು ರೋಗಿ. ಇವನನ್ನು ಚಾಪೆಯ ಸಮೇತ ಎತ್ತಿಕೊಂಡು ಬರಲು ನಾಲ್ವರಿದ್ದರು. ಬಾಗಿಲಲ್ಲಿ ಜನಸಂದಣಿ ಇದ್ದುದರಿಂದ ಅವರು ಮಾಳಿಗೆ ಹತ್ತಿ, ಛಾವಣಿ ಬಿಚ್ಚಿ, ಗೆಳೆಯನನ್ನು ಪ್ರಭುವಿನ ಪಾದದ ಬಳಿ ಇಳಿಸಿದರು. ಪ್ರಭು ಆ ಹೊತ್ತವರ ವಿಶ್ವಾಸವನ್ನು ಕಂಡರೆಂದು ಮಾರ್ಕನು ಬರೆಯುತ್ತಾನೆ.

ಇಬ್ಬರ ಕಾಯಿಲೆಯೂ ದೊಡ್ಡದೇ. ಇಬ್ಬರ ಮೇಲೂ ದೇವರ ಕರುಣೆ ಇತ್ತು. ಹಾಗಿದ್ದರೆ ಅವರ ನಡುವಿನ ವ್ಯತ್ಯಾಸವೇನು? ಒಬ್ಬನಿಗೆ ನಾಲ್ವರಿದ್ದರು, ಇನ್ನೊಬ್ಬನಿಗೆ ಯಾರೂ ಇರಲಿಲ್ಲ. ಅಷ್ಟೇ.

ಇಂದು ನಮ್ಮ ನಡುವೆ ಓದುವ ಆಸೆಯಿರುವ ವಿಕಲಚೇತನ ಯುವಕ ಯುವತಿಯರ ಸ್ಥಿತಿಯೂ ಇದೇ ಅಲ್ಲವೇ? 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ವಿಕಲಚೇತನರು 2.68 ಕೋಟಿ, ಕರ್ನಾಟಕವೊಂದರಲ್ಲೇ 13.24 ಲಕ್ಷ. ಅವರಿಗಾಗಿ ಕಾನೂನುಗಳಿವೆ, ಮೀಸಲಾತಿ ಇದೆ, ವಿದ್ಯಾರ್ಥಿವೇತನ ಇದೆ. ಕೊಳದಲ್ಲಿ ನೀರಿಲ್ಲ ಎಂದು ಹೇಳುವಂತಿಲ್ಲ. ಆದರೆ ದಡದಿಂದ ನೀರಿನವರೆಗೆ ಇಳಿಸುವ ಕೈಗಳು ಎಲ್ಲಿವೆ? ಉಡಿಗಾಲದಂಥ ಊರಿನ ಒಬ್ಬ ಹುಡುಗಿಯನ್ನು ನೆನೆಯಿರಿ. ಪಿ.ಯು.ಸಿ. ಮುಗಿಸಿದ್ದಾಳೆ, ಅಂಕಗಳು ಚೆನ್ನಾಗಿವೆ, ಒಂದು ಕಾಲಿಗೆ ಬಲವಿಲ್ಲ. ಪದವಿ ಓದಬೇಕೆಂದರೆ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಬಸ್ಸು ಹತ್ತಬೇಕು. ಉಳಿದವರಿಗೆ ಪರೀಕ್ಷೆ ವರ್ಷಕ್ಕೆ ಎರಡು ಸಲ ಬಂದರೆ, ಬಸ್ಸಿನ ಮೆಟ್ಟಿಲೆಂಬ ಪರೀಕ್ಷೆ ಅವಳಿಗೆ ದಿನಕ್ಕೆ ಎರಡು ಸಲ. ಓದಿದ್ದು ಸಾಕು, ಮನೆಯಲ್ಲೇ ಇರಲಿ ಎಂದು ಮನೆಯವರು ನಿಶ್ಚಯಿಸುತ್ತಾರೆ. ಅವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಹಾಗೆ ನಿಶ್ಚಯಿಸುತ್ತಾರೆ. ಆ ಪ್ರೀತಿಯೇ ಅವಳನ್ನು ಮೂವತ್ತೆಂಟು ವರ್ಷ ದಡದಲ್ಲಿ ಮಲಗಿಸಿಬಿಡಬಹುದು.

ಮನೆಯವರ ಹಿಂಜರಿಕೆಯ ಹಿಂದೆ ಇನ್ನೊಂದು ಮಾತೂ ಅಡಗಿರುತ್ತದೆ. ಯಾರ ಪಾಪಕ್ಕೆ ಹೀಗಾಯಿತು ಎಂಬ ಊರಿನ ಪಿಸುಮಾತು ಅದು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದನ್ನೇ ಕೇಳಿದ್ದರು. ಅವನ ಪಾಪವೂ ಅಲ್ಲ, ತಂದೆತಾಯಿಗಳ ಪಾಪವೂ ಅಲ್ಲ ಎಂದು ಪ್ರಭು ಖಂಡಿತವಾಗಿ ನುಡಿದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಆದರೂ ನಾವು ಕ್ರೈಸ್ತರೇ ಅದನ್ನು ಬೇರೆ ಬಣ್ಣ ಹಚ್ಚಿ ಮತ್ತೆ ತರುತ್ತೇವೆ. ಇದು ದೇವರು ಕೊಟ್ಟ ಶಿಲುಬೆ, ಹೊತ್ತುಕೊಂಡು ಸುಮ್ಮನಿರಲಿ ಎನ್ನುತ್ತೇವೆ. ಪ್ರಿಯರೇ, ಕಾಲಿನ ದೌರ್ಬಲ್ಯ ಶಿಲುಬೆ ಇರಬಹುದು. ಆದರೆ ತುಂಬದೆ ಬಿಟ್ಟ ಅರ್ಜಿ, ಇಳಿಜಾರು ದಾರಿಯಿಲ್ಲದ ಕಟ್ಟಡ, ಮುಚ್ಚಿದ ಬಾಗಿಲು, ಇವು ದೇವರು ಕೊಟ್ಟವಲ್ಲ, ನಾವು ಕೊಟ್ಟವು. ಸಿರೇನಿನ ಸಿಮೋನನು ಪ್ರಭುವಿನ ಶಿಲುಬೆಗೆ ಹೆಗಲು ಕೊಟ್ಟ. ಅದರ ಭಾರವನ್ನು ಹೆಚ್ಚಿಸಲಿಲ್ಲ.

ಹಾಗಾದರೆ ಆ ನಾಲ್ವರು ಯಾರು? ಅವರು ಏನನ್ನು ಹಿಡಿಯಬೇಕು? ಚಾಪೆಗೆ ನಾಲ್ಕು ಮೂಲೆಗಳಿವೆ. ಒಂದೊಂದನ್ನೇ ನೋಡೋಣ.

ಮೊದಲನೆಯ ಮೂಲೆ ಕಾಗದಪತ್ರ. ಇದು ಸಣ್ಣ ಕೆಲಸದಂತೆ ತೋರುತ್ತದೆ, ಆದರೆ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಅಂಗವೈಕಲ್ಯದ ಪ್ರಮಾಣ ಶೇ. 40 ಅಥವಾ ಹೆಚ್ಚು ಎಂದು ಅಧಿಕೃತ ವೈದ್ಯರು ದೃಢೀಕರಿಸಬೇಕು. ಅದರ ಆಧಾರದ ಮೇಲೆ ದೇಶದಾದ್ಯಂತ ನಡೆಯುವ ಯು.ಡಿ.ಐ.ಡಿ. ಗುರುತಿನ ಚೀಟಿ ಸಿಗುತ್ತದೆ. ಅದಿಲ್ಲದಿದ್ದರೆ ಮೀಸಲಾತಿಯೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಕಣ್ಣು, ಕಿವಿ, ಕೈಕಾಲುಗಳ ತೊಂದರೆ ಮಾತ್ರ ವೈಕಲ್ಯ ಎಂದುಕೊಳ್ಳಬೇಡಿ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಲಿಕೆಯ ನಿರ್ದಿಷ್ಟ ತೊಡಕು, ಮಾನಸಿಕ ಅಸ್ವಸ್ಥತೆ, ಹಿಮೋಫಿಲಿಯಾ, ಥಲಸ್ಸೇಮಿಯಾ ಕೂಡ ಅದರಲ್ಲಿ ಸೇರಿವೆ. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ನೆರವಾಗಲೆಂದೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜಿಲ್ಲಾ ಕೇಂದ್ರದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ. ಕೂಲಿ ಬಿಟ್ಟು ಮೂರು ಸಲ ಆಸ್ಪತ್ರೆಗೆ ಅಲೆಯಲಾರದ ತಂದೆಯ ಜೊತೆಗೆ ಒಂದು ದಿನ ನಾವು ಹೋಗಬಾರದೇ? ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಸದಸ್ಯರಿಗೆ ಇದಕ್ಕಿಂತ ಹತ್ತಿರದ ಪ್ರೇಷಿತಕಾರ್ಯ ಯಾವುದಿದೆ?

ಎರಡನೆಯ ಮೂಲೆ ಓದು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ. 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಮೀಸಲಿಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಇದೆ. ಕಾಯಿಲೆಯಿಂದ ಎರಡು ವರ್ಷ ಹಾಳಾಯಿತು, ಇನ್ನೇನು ಓದುವುದು ಎನ್ನುವವರು ಇದನ್ನು ಗಮನಿಸಲಿ. ಮೆಟ್ರಿಕ್ ನಂತರದ ಓದಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವಿದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಗಡುವಿನೊಳಗೆ ಅರ್ಜಿ ಹಾಕಬೇಕು. ಬರೆಯಲು ತೊಡಕಿರುವವರು ಪರೀಕ್ಷೆಯಲ್ಲಿ ಲಿಪಿಕಾರರ ನೆರವು ಪಡೆಯಬಹುದು. ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚಿನ ಸಮಯವೂ ಉಂಟು. ಶೇ. 40ರ ಅಳತೆಗೆ ಬಾರದವರಿಗೂ, ಬರೆಯುವ ತೊಡಕು ನಿಜವಾಗಿದ್ದರೆ, ಲಿಪಿಕಾರರನ್ನು ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿತು. ಇಲ್ಲಿ ನಮ್ಮ ಯುವಜನರಿಗೊಂದು ಕೆಲಸವಿದೆ. ಪರೀಕ್ಷಾರ್ಥಿ ತಾನೇ ಲಿಪಿಕಾರರನ್ನು ಕರೆತರುವುದಾದರೆ, ಅವರ ವಿದ್ಯಾರ್ಹತೆ ಪರೀಕ್ಷಾರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕೆಂದು 2018ರ ಮಾರ್ಗಸೂಚಿ ಹೇಳಿತ್ತು. ಪರೀಕ್ಷೆಯ ದಿನ ಇನ್ನೊಬ್ಬರಿಗೆ ತನ್ನ ಕೈಯನ್ನು ಎರವಲು ಕೊಡುವುದು ಎಂಥ ಸುಂದರ ದಾನ!

ದೃಷ್ಟಿ ಇಲ್ಲದವರ ಓದು ಈಗ ಬ್ರೈಲ್ ಲಿಪಿಯೊಂದಕ್ಕೇ ಸೀಮಿತವಲ್ಲ. ಆಸ್ಟ್ರೇಲಿಯಾದ ಅಂಧ ಯುವಕನೊಬ್ಬನು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶ ಕಂಪ್ಯೂಟರಿನ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ಅದಕ್ಕೆ ಒಂದು ಕಾಸೂ ಕೊಡಬೇಕಿಲ್ಲ. ನಮ್ಮ ಹತ್ತಿರದ ಮೈಸೂರಿನಲ್ಲೇ 1991ರಲ್ಲಿ ಆರಂಭವಾದ ವಿಕಲಚೇತನರ ಜೆ.ಎಸ್.ಎಸ್. ಪಾಲಿಟೆಕ್ನಿಕ್ ಇದೆ. ಕಂಪ್ಯೂಟರ್, ವಾಣಿಜ್ಯ ವಿಷಯಗಳಲ್ಲಿ ಡಿಪ್ಲೊಮಾ ಮಾಡಿ ಹೊರಬಂದವರು ಅಲ್ಲಿ ಅನೇಕರು. ವಾಕ್ ಮತ್ತು ಶ್ರವಣ ದೋಷಗಳ ಪರೀಕ್ಷೆ, ಚಿಕಿತ್ಸೆ, ತರಬೇತಿಗಾಗಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದೇ ನಗರದಲ್ಲಿದೆ. ಬೇರೆ ರಾಜ್ಯಗಳವರು ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಪಕ್ಕದ ಜಿಲ್ಲೆಯವರಾದ ನಾವು ಅದರ ಹೆಸರು ಕೇಳಿ ಸುಮ್ಮನಾಗುವುದು ಸರಿಯೇ?

ಮೂರನೆಯ ಮೂಲೆ ದಾರಿ. ಸೀಟು ಸಿಕ್ಕಿ, ಶುಲ್ಕ ಕಟ್ಟಿದ ಮೇಲೂ ಓದು ನಿಲ್ಲುವುದು ಇಲ್ಲಿಯೇ. ಕಾಲೇಜಿನ ತರಗತಿ ಮೊದಲ ಮಹಡಿಯಲ್ಲಿರುತ್ತದೆ. ಶೌಚಾಲಯಕ್ಕೆ ಮೂರು ಮೆಟ್ಟಿಲಿರುತ್ತವೆ. ಹುಡುಗಿ ಬೆಳಗಿನಿಂದ ನೀರು ಕುಡಿಯದೆ ಕುಳಿತಿರುತ್ತಾಳೆ, ಇದನ್ನು ಯಾರಿಗೂ ಹೇಳುವುದಿಲ್ಲ. ಒಂದು ತರಗತಿಯನ್ನು ನೆಲಮಹಡಿಗೆ ಇಳಿಸಿ ಎಂದು ಪ್ರಾಂಶುಪಾಲರನ್ನು ವಿನಯದಿಂದ ಕೇಳಲು ಒಬ್ಬ ಹಿರಿಯರು ಜೊತೆಗಿದ್ದರೆ ಸಾಕು. ಅದು ಕೃಪೆ ಬೇಡುವುದಲ್ಲ, ಅಂಥ ಅನುಕೂಲ ಒದಗಿಸುವುದು ಸಂಸ್ಥೆಯ ಹೊಣೆಯೆಂದು ಕಾನೂನೇ ಹೇಳಿದೆ. ಇತರರನ್ನು ಕೇಳುವ ಮೊದಲು ನಮ್ಮ ದೇವಾಲಯದ ಮೆಟ್ಟಿಲುಗಳನ್ನೂ ಎಣಿಸೋಣ. ಗಾಲಿಕುರ್ಚಿಯಲ್ಲಿ ಕುಳಿತವರು ಪರಮಪ್ರಸಾದಕ್ಕೆ ಹೇಗೆ ಬರುತ್ತಾರೆ? ಕಿವಿ ಕೇಳದವರಿಗೆ ಪ್ರಬೋಧನೆ ಹೇಗೆ ಮುಟ್ಟುತ್ತದೆ? ಕಫೆರ್ನಾವುಮಿನಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದವರು ಯೇಸುವಿನ ವೈರಿಗಳು ಮಾತ್ರ ಅಲ್ಲ. ಅವರ ಮಾತು ಕೇಳಲು ಭಕ್ತಿಯಿಂದ ಬಂದಿದ್ದ ಜನರೂ ಆ ಗುಂಪಿನಲ್ಲಿದ್ದರು. ಈ ಮಾತು ನಮ್ಮ ಎದೆಗೆ ತಟ್ಟಬೇಕು.

ನಾಲ್ಕನೆಯ ಮೂಲೆ ದುಡಿಮೆ. 1995ರ ಕಾಯ್ದೆ ಸರ್ಕಾರಿ ನೌಕರಿಗಳಲ್ಲಿ ಶೇ. 3ರಷ್ಟು ಮೀಸಲಾತಿ ಕೊಟ್ಟಿತ್ತು, 2016ರ ಕಾಯ್ದೆ ಅದನ್ನು ಕನಿಷ್ಠ ಶೇ. 4ಕ್ಕೆ ಏರಿಸಿತು. ದೃಷ್ಟಿದೋಷದವರಿಗೆ ಒಂದು, ಶ್ರವಣದೋಷದವರಿಗೆ ಒಂದು, ಚಲನವೈಕಲ್ಯದವರಿಗೆ ಒಂದು, ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ತೊಡಕು, ಮಾನಸಿಕ ಅಸ್ವಸ್ಥತೆ ಹಾಗೂ ಬಹುವಿಧ ವೈಕಲ್ಯದವರಿಗೆ ಒಂದು. ಬ್ಯಾಂಕು, ರೈಲ್ವೆ, ಶಿಕ್ಷಕ ವೃತ್ತಿ, ಸರ್ಕಾರಿ ಕಚೇರಿ, ಇವೆಲ್ಲಕ್ಕೂ ಅರ್ಜಿ ಹಾಕಬಹುದು. ಆದರೆ ಮೀಸಲಾತಿ ಬಾಗಿಲನ್ನು ತೆರೆಯುತ್ತದೆಯೇ ಹೊರತು ಒಳಗೆ ಹೊತ್ತೊಯ್ಯುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಪದವಿಯ ಮೊದಲ ವರ್ಷದಿಂದಲೇ ಸಿದ್ಧತೆ ಬೇಕು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ ಎ.ಪಿ.ಡಿ. ಸಂಸ್ಥೆ, 1997ರಲ್ಲಿ ಆರಂಭವಾದ ಸಮರ್ಥನಂ, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಮುಂತಾದವು ತರಬೇತಿ ನೀಡಿ ಉದ್ಯೋಗದವರೆಗೆ ಕೈಹಿಡಿಯುತ್ತಾ ಬಂದಿವೆ. ಸ್ವಂತ ಅಂಗಡಿ, ಹೊಲಿಗೆ, ಕಂಪ್ಯೂಟರ್ ಕೇಂದ್ರ ನಡೆಸಬೇಕೆನ್ನುವವರಿಗೆ ಕಡಿಮೆ ಬಡ್ಡಿಯ ಸಾಲ ಕೊಡಲು 1997ರಲ್ಲೇ ರಾಷ್ಟ್ರೀಯ ನಿಗಮವೊಂದು ಸ್ಥಾಪನೆಯಾಗಿದೆ.

ನಮ್ಮದೇ ಶಾಲೆ, ಆಸ್ಪತ್ರೆಗಳ ಮಾತೇನು? ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯೂ ವಿಕಲಚೇತನರಿಗೆ ಸಮಾನ ಅವಕಾಶ ನೀಡುವ ತನ್ನ ನೀತಿಯನ್ನು ಪ್ರಕಟಿಸಬೇಕೆಂದು 2017ರ ನಿಯಮಗಳು ವಿಧಿಸಿವೆ. ಆದರೆ ನಮಗೆ ಸರ್ಕಾರದ ನಿಯಮ ಬರುವ ಮೊದಲೇ ಧರ್ಮಸಭೆಯ ಬೋಧನೆ ಬಂದಿತ್ತು. ಮಾನವ ದುಡಿಮೆಯನ್ನು ಕುರಿತು 1981ರಲ್ಲಿ ಬರೆದ ವಿಶ್ವಪತ್ರದಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಒಂದು ಇಡೀ ವಿಭಾಗವನ್ನು ವಿಕಲಚೇತನರಿಗೆ ಮೀಸಲಿಟ್ಟರು. ಪೂರ್ಣ ಬಲವುಳ್ಳವರನ್ನು ಮಾತ್ರ ದುಡಿಮೆಗೆ ಸೇರಿಸಿಕೊಳ್ಳುವ ಸಮಾಜ, ಬಲಿಷ್ಠರು ದುರ್ಬಲರ ವಿರುದ್ಧ ತೋರುವ ತಾರತಮ್ಯವನ್ನೇ ಪಾಲಿಸುತ್ತದೆ ಎಂಬುದು ಅವರ ಬೋಧನೆಯ ಸಾರ. ಡಿಸೆಂಬರ್ 3ರ ವಿಕಲಚೇತನರ ದಿನದಂದು ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವ ನಾವು, ಮರುದಿನ ಕಚೇರಿಯ ಒಂದು ಕುರ್ಚಿಯನ್ನೂ ಕೊಡುವುದಿಲ್ಲವಾದರೆ ಆ ಹಣ್ಣು ಎಷ್ಟು ಸಿಹಿ?

ಹಳೆಯ ಒಡಂಬಡಿಕೆಯ ಮೆಫೀಬೋಶೆತನನ್ನು ನೆನೆಯಿರಿ. ಅವನು ಯೋನಾತಾನನ ಮಗ, ಸೌಲನ ಮೊಮ್ಮಗ. ಐದು ವರ್ಷದವನಿದ್ದಾಗ ದಾದಿಯ ಕೈಯಿಂದ ಬಿದ್ದು ಎರಡೂ ಕಾಲುಗಳು ಊನವಾದವು. ದಾವೀದ ಅರಸನು ಅವನನ್ನು ಕರೆಸಿದಾಗ ಅವನು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡ. ತಿರಸ್ಕಾರವನ್ನು ಬಹಳ ದಿನ ಉಂಡವರು ತಮ್ಮನ್ನು ತಾವೇ ಹಾಗೆ ಕಾಣುತ್ತಾರೆ. ದಾವೀದನು ಅವನ ಕೈಗೆ ಭಿಕ್ಷೆ ಹಾಕಲಿಲ್ಲ. ಅಜ್ಜನ ಜಮೀನನ್ನೆಲ್ಲ ಹಿಂದಿರುಗಿಸಿದ, ಬಳಿಕ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಂಡ. ಮೊದಲು ಹಕ್ಕು, ಅದರ ಜೊತೆಗೇ ಒಡನಾಟ. ಹಕ್ಕಿಲ್ಲದ ಒಡನಾಟ ಬರಿಯ ಮರುಕ, ಒಡನಾಟವಿಲ್ಲದ ಹಕ್ಕು ಬರಿಯ ಕಾಗದ.

ಈಗ ಓದುತ್ತಿರುವ ವಿಕಲಚೇತನ ಮಕ್ಕಳಿಗೂ ಒಂದು ಮಾತು. ನಾಲ್ವರು ಹೊತ್ತು ತಂದದ್ದು ಪ್ರಭುವಿನ ಸನ್ನಿಧಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ಆ ಮನುಷ್ಯನು ತನ್ನ ಚಾಪೆಯನ್ನು ತಾನೇ ಹೊತ್ತು ನಡೆದ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ದಿದಿಮುಸನು ಮಗುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡು, ಮರದಲ್ಲಿ ಕೊರೆದ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಕಲಿತು, ಆ ನಗರದ ಹೆಸರಾಂತ ಧರ್ಮಶಾಲೆಯ ಮುಖ್ಯಸ್ಥನಾದ. ಸಂತ ಜೆರೋಮರು ಅವನ ಬಳಿ ಕಲಿತರು. ನಿಮ್ಮೆಲ್ಲರಿಗೂ ಕಾಲು ಮತ್ತೆ ಬಲಗೊಳ್ಳುವುದಿಲ್ಲ, ಕಣ್ಣು ಮತ್ತೆ ಬರುವುದಿಲ್ಲ. ಅದಕ್ಕಾಗಿ ದೇವರ ಪ್ರೀತಿ ನಿಮಗೆ ಕಡಿಮೆಯಾಗಿದೆ ಎಂದು ಯಾರು ಹೇಳಿದರೂ ನಂಬಬೇಡಿ. ಬೇಕಾದುದನ್ನು ಬಾಯಿಬಿಟ್ಟು ಕೇಳಿ. ಬಾರ್ತಿಮಾಯನನ್ನು ಸುಮ್ಮನಿರು ಎಂದು ಗದರಿಸಿದವರು ಹಲವರು, ಆದರೆ ಅವನ ಕೂಗಿಗೆ ಪ್ರಭು ನಿಂತರು, ನಿನಗೇನು ಬೇಕು ಎಂದು ಅವನನ್ನೇ ವಿಚಾರಿಸಿದರು. ನೆರವಾಗುವ ನಾವೂ ಹಾಗೆಯೇ ಮೊದಲು ಅವರನ್ನು ಕೇಳಬೇಕು, ಅವರ ಪರವಾಗಿ ನಾವೇ ನಿಶ್ಚಯಿಸಬಾರದು.

ಈ ವಾರ ಪ್ರತಿ ಕುಟುಂಬ ಸಂಜೆಯ ಜಪಮಾಲೆಯ ನಂತರ ಐದು ನಿಮಿಷ ಕುಳಿತು ಯೋಚಿಸಲಿ. ನಮ್ಮ ಬೀದಿಯಲ್ಲಿ, ನಮ್ಮ ಧರ್ಮಕೇಂದ್ರದಲ್ಲಿ, ಯಾವ ಜಾತಿ ಮತದವರೇ ಆಗಲಿ, ಓದು ನಿಲ್ಲಿಸಿ ಮನೆಯಲ್ಲಿ ಕುಳಿತ ವಿಕಲಚೇತನ ಮಗು ಯಾರು? ಆ ಚಾಪೆಯ ಯಾವ ಮೂಲೆ ನಮ್ಮ ಕೈಗೆ ಎಟುಕುತ್ತದೆ? ನಾಲ್ಕನ್ನೂ ಒಬ್ಬರೇ ಹಿಡಿಯಬೇಕಿಲ್ಲ. ಒಂದನ್ನು ಗಟ್ಟಿಯಾಗಿ ಹಿಡಿದರೆ ಸಾಕು.

ಪ್ರಾರ್ಥಿಸೋಣ: ಕರುಣಾಮಯ ಪ್ರಭುವೇ, ನಿಮ್ಮ ಬಾಗಿಲಿಗೆ ನಾವೇ ಅಡ್ಡ ನಿಂತಿದ್ದರೆ ನಮ್ಮನ್ನು ಪಕ್ಕಕ್ಕೆ ಸರಿಸಿರಿ. ಹೊರುವ ಹೆಗಲನ್ನೂ, ಛಾವಣಿ ಬಿಚ್ಚುವ ಧೈರ್ಯವನ್ನೂ ಕೊಡಿರಿ. ತನಗೆ ಯಾರೂ ಇಲ್ಲವೆಂದು ನಮ್ಮ ಊರಿನ ಯಾವ ಮಗುವೂ ಹೇಳದಂತೆ ಮಾಡಿರಿ. ಆಮೆನ್.