ಬುತ್ತಿಯೂ ಪ್ರಸಾದವೇ

ಹಸಿವು ದೇಹಧರ್ಮ, ಅದನ್ನು ಪಾಪವೆಂದು ನಿಂದಿಸಿದ ಶರಣರಿಲ್ಲ. ದೇಹವನ್ನು ಒಣಗಿಸಿ ಶಿವನನ್ನು ಒಲಿಸಬೇಕೆಂದು ಅವರು ಬೋಧಿಸಲಿಲ್ಲ. ದೇಹವು ಶಿವನ ನೆಲೆಯೆಂದು ಕಂಡರು. ಆದುದರಿಂದಲೇ ಆ ನೆಲೆಗೆ ಏನನ್ನು ಕೊಡಬೇಕು, ಎಷ್ಟನ್ನು ಕೊಡಬೇಕು, ಯಾವ ಭಾವದಿಂದ ಕೊಡಬೇಕು ಎಂಬುದು ಅವರ ಪಾಲಿಗೆ ಬರಿಯ ಅಡುಗೆಮನೆಯ ಮಾತಾಗಿರದೆ ಧರ್ಮದ ಮಾತಾಗಿತ್ತು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶಗಳ ಬಳಿಕ ಬರುವುದು ಪ್ರಸಾದಿಸ್ಥಲ. ಉಣ್ಣುವ ಕ್ರಿಯೆಗೆ ಇಂತಹ ಪದವಿಯನ್ನು ಕೊಟ್ಟ ಮಾರ್ಗದಲ್ಲಿ ನಡೆಯುವ ಸಾಧಕನು, ಸಂಜೆಯ ಹೊತ್ತು ಬೀದಿಯಲ್ಲಿ ನಿಂತು ತಿನ್ನುವ ತಿನಿಸಿನ ವಿಷಯದಲ್ಲಿಯೂ ಒಂದು ಗಳಿಗೆ ಆಲೋಚಿಸುವುದು ಯುಕ್ತವಾಗಿದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಪಟ್ಟಣಗಳೂ ಸುತ್ತಣ ನೂರಾರು ಹಳ್ಳಿಗಳಿಗೆ ಆಧಾರವಾದ ಸ್ಥಳಗಳು. ಬೆಳಗಿನ ಮೊದಲ ಬಸ್ಸಿಗೆ ಬಂದ ವಿದ್ಯಾರ್ಥಿಗಳು, ಗಾರೆಯ ಕೆಲಸದವರು, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು, ಶುಂಠಿಯನ್ನೋ ತೆಂಗಿನಕಾಯಿಯನ್ನೋ ಮಾರಲು ಬಂದ ರೈತರು ಸಂಜೆಗೆ ಮತ್ತೆ ಬಸ್ ನಿಲ್ದಾಣವನ್ನು ಸೇರುತ್ತಾರೆ. ಆ ಹೊತ್ತಿಗೆ ಸರಿಯಾಗಿ ‘ಫಾಸ್ಟ್ ಫುಡ್’ ಎಂದು ಫಲಕ ಹಾಕಿದ ಗಾಡಿಗಳಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಬಾಣಲೆಯಲ್ಲಿ ಗೋಬಿ ಮಂಚೂರಿ ಕೆಂಪಾಗುತ್ತದೆ; ನೂಡಲ್ಸ್, ಫ್ರೈಡ್ ರೈಸ್, ಪಾನಿಪೂರಿಗಳಿಗೆ ಜನ ಮುತ್ತುತ್ತಾರೆ. ನಿಂತವರಲ್ಲಿ ಕೆಲವರು ಅಲ್ಲಿಯೇ ತಿನ್ನುತ್ತಾರೆ. ಕೆಲವರು ಮಕ್ಕಳಿಗೆಂದು ಪೊಟ್ಟಣ ಕಟ್ಟಿಸಿಕೊಳ್ಳುತ್ತಾರೆ.

ಇವರನ್ನು ನಾಲಿಗೆಯ ದಾಸರೆಂದು ಜರೆಯುವುದು ಸುಲಭ. ಆದರೆ ಅದು ಪೂರ್ಣಸತ್ಯವಲ್ಲ. ಕೋಳಿ ಕೂಗುವ ಮುನ್ನ ಮನೆ ಬಿಟ್ಟವನಿಗೆ ಬುತ್ತಿ ಕಟ್ಟುವಷ್ಟು ಹೊತ್ತಿರಲಿಲ್ಲ. ಮಧ್ಯಾಹ್ನ ಅರ್ಧ ಹೊಟ್ಟೆಗೆ ಏನನ್ನೋ ತಿಂದ. ಸಂಜೆಗೆ ಕರುಳು ಚುರುಗುಟ್ಟುತ್ತದೆ. ಊರು ಇನ್ನೂ ಒಂದು ಗಂಟೆಯ ದಾರಿ. ಕಾರ್ಖಾನೆಯಿಂದ ಬಳಲಿ ಬಂದ ತಾಯಿಗೆ ಮತ್ತೆ ಒಲೆಯ ಮುಂದೆ ನಿಲ್ಲಲು ತ್ರಾಣವಿಲ್ಲ. ಮಕ್ಕಳ ಮುಖದಲ್ಲಿ ಒಂದು ನಗು ಕಂಡರೆ ಸಾಕೆಂದು ಅವಳು ಪೊಟ್ಟಣಕ್ಕೆ ಕೈ ಚಾಚುತ್ತಾಳೆ. ಇಲ್ಲಿಯ ಮೂಲದೋಷ ಆತುರ, ದಣಿವು, ಮುನ್ನೋಟದ ಕೊರತೆ. ರೋಗದ ಮೂಲವನ್ನರಿಯದೆ ಔಷಧ ಹೇಳುವವನು ವೈದ್ಯನಲ್ಲ. ಹಾಗೆಯೇ ದಣಿದವನ ದಣಿವನ್ನು ಕಾಣದೆ ಉಪದೇಶಿಸುವವನು ಗುರುವಲ್ಲ.

ಆದರೂ ಲೆಕ್ಕವನ್ನು ಮಾಡಲೇಬೇಕು, ಅದೂ ನಿಷ್ಪಕ್ಷಪಾತವಾಗಿ. ನಾಲ್ವರ ಒಂದು ಸಂಸಾರವು ವಾರಕ್ಕೆ ಎರಡು ಸಂಜೆ ಹೊರಗಿನ ತಿನಿಸಿನಲ್ಲಿಯೇ ಊಟ ಮುಗಿಸುವುದೆಂದೂ ತಲೆಗೆ ೫೦ ರೂಪಾಯಿ ತಗಲುವುದೆಂದೂ ಇಟ್ಟುಕೊಂಡರೆ, ಸಂಜೆಯೊಂದಕ್ಕೆ ೨೦೦, ವಾರಕ್ಕೆ ೪೦೦, ವರ್ಷದ ೫೨ ವಾರಗಳಿಗೆ ೨೦,೮೦೦ ರೂಪಾಯಿಗಳಾಗುತ್ತವೆ. ಮನೆಯಲ್ಲಿ ಉಂಡರೂ ಖರ್ಚಿಲ್ಲದೆ ಇಲ್ಲ. ತಲೆಗೆ ೨೦ ರೂಪಾಯಿ ಹಿಡಿದರೆ ಅಷ್ಟೇ ಸಂಜೆಗಳಿಗೆ ೮,೩೨೦ ಆಗುತ್ತದೆ. ಕಳೆದು ಉಳಿಯುವುದು ೧೨,೪೮೦. ಉದ್ಯೋಗ ಖಾತ್ರಿ ಯೋಜನೆಯಲ್ಲಿ ೨೦೨೪-೨೫ನೆಯ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ದಿನಗೂಲಿ ೩೪೯ ರೂಪಾಯಿ. ಅಂದರೆ ಬಿಸಿಲಿನಲ್ಲಿ ಗುದ್ದಲಿ ಹಿಡಿದು ಬೆನ್ನು ಬಾಗಿಸಿದ ಸುಮಾರು ೩೬ ದಿನಗಳ ದುಡಿಮೆಯು, ಉಂಡದ್ದು ಮರೆತುಹೋಗುವಂತಹ ಸಂಜೆಗಳಲ್ಲಿ ಸದ್ದಿಲ್ಲದೆ ಕರಗಿತು.

ಸದ್ದಿಲ್ಲದೆ ಎಂಬ ಮಾತು ಇಲ್ಲಿ ಮುಖ್ಯ. ಹಿಂದೆ ಮಡಿಕೆಯ ಗಂಟನ್ನು ಬಿಚ್ಚಿ ನಾಣ್ಯ ಎಣಿಸಿ ಕೊಡುವಾಗ ಕೈ ಒಂದು ಕ್ಷಣ ತಡೆಯುತ್ತಿತ್ತು. ಆ ತಡೆಯೇ ವಿವೇಕವಾಗುತ್ತಿತ್ತು. ಈಗ ಫೋನನ್ನು ಗಾಡಿಯ ಮೇಲಿನ ಚಿತ್ರಕ್ಕೆ ಹಿಡಿದರೆ ಹಣ ಹೋಯಿತು. ಕೈಗೆ ಗೊತ್ತಾಗಲಿಲ್ಲ, ಮನಸ್ಸಿಗೂ ಗೊತ್ತಾಗಲಿಲ್ಲ. ತಿಂಗಳ ಕೊನೆಗೆ ಮಾತ್ರ ಶಾಲೆಯ ಶುಲ್ಕ, ಬಿತ್ತನೆಯ ಬೀಜ, ಮುದುಕರ ಮಾತ್ರೆ ಎಲ್ಲವೂ ಒಟ್ಟಿಗೆ ಬಾಗಿಲು ತಟ್ಟುತ್ತವೆ. ಆಗ ಮನೆಯವರು ಕಿರುಸಾಲದ ಕಡೆಗೆ ತಿರುಗುತ್ತಾರೆ. ವಾರದ ಕಂತಿನ ಸಾಲ ಎಷ್ಟು ಮನೆಗಳ ನೆಮ್ಮದಿಯನ್ನು ಕೆಡಿಸಿತೆಂದರೆ, ವಸೂಲಿಯ ಬಲಾತ್ಕಾರವನ್ನು ತಡೆಯಲು ರಾಜ್ಯಸರ್ಕಾರವು ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಸಾಲಗಳಿಗೆಲ್ಲ ಬೀದಿಯ ತಿನಿಸೇ ಕಾರಣವೆಂದರೆ ಅದು ಅನ್ಯಾಯದ ಮಾತು. ಮಳೆ ಕೈಕೊಟ್ಟದ್ದು, ಬೆಲೆ ಬಿದ್ದದ್ದು, ಕಾಯಿಲೆ ಬಂದದ್ದು ಇವೇ ದೊಡ್ಡ ಕಾರಣಗಳು. ಆದರೆ ಅವು ಮನುಷ್ಯನ ಕೈಯೊಳಗಿಲ್ಲ. ಸಂಜೆಯ ೨೦೦ ರೂಪಾಯಿ ಅವನ ಕೈಯೊಳಗಿದೆ. ಕೈಯೊಳಗಿರುವುದನ್ನು ಹಿಡಿಯುವುದೇ ಧರ್ಮದ ಮೊದಲ ಪಾಠ.

ದೇಹದ ಲೆಕ್ಕವೂ ಒಂದಿದೆ. ಗೋಬಿ ಮಂಚೂರಿಯ ಕೆಂಪಿಗೆ ಕಾರಣವಾದ ಕೃತಕ ಬಣ್ಣಗಳನ್ನು ಪರೀಕ್ಷೆಗಳ ಬಳಿಕ ಕರ್ನಾಟಕ ಸರ್ಕಾರವು ೨೦೨೪ರ ಮಾರ್ಚಿಯಲ್ಲಿ ನಿಷೇಧಿಸಿತು. ಬಣ್ಣದ ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಮತ್ತೆ ಮತ್ತೆ ಕಾಯಿಸಿ ಕೆಟ್ಟ ಎಣ್ಣೆಯನ್ನು ಬಳಸಬಾರದೆಂದು ೨೦೧೮ರ ಜುಲೈಯಿಂದಲೇ ನಿಯಮವಿದೆ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಸಾಸುಗಳಿಂದ ಕೂಡಿದ ತಿನಿಸು ಆ ಮಿತಿಯನ್ನು ಬೇಗನೆ ದಾಟಿಸುತ್ತದೆ. ೨೦೨೫ರ ಬೇಸಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದರಂತೆ ಬಂದ ಹೃದಯಾಘಾತದ ಸುದ್ದಿಗಳು ನಾಡನ್ನೆಲ್ಲ ಕಳವಳಗೊಳಿಸಿದುವು. ಭಯಗೊಂಡ ಜನರು ಮೈಸೂರು ಬೆಂಗಳೂರುಗಳ ಜಯದೇವ ಆಸ್ಪತ್ರೆಗಳಿಗೆ ಧಾವಿಸಿದರು. ಸಾವುಗಳಲ್ಲಿ ಅಸಹಜವಾದ ಏರಿಕೆಯಿಲ್ಲವೆಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ತಿಳಿಸಿತು. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ ಮೊದಲಾದ ಹಳೆಯ ವೈರಿಗಳು ಅಲ್ಲಿಯೂ ಎದ್ದು ಕಂಡುವು. ಭಯವು ಕಳೆದುಹೋಗುವುದು ಒಳ್ಳೆಯದು, ಎಚ್ಚರವು ಕಳೆದುಹೋಗಬಾರದು.

ಈ ಎಚ್ಚರವನ್ನೇ ಹನ್ನೆರಡನೆಯ ಶತಮಾನದ ಒಬ್ಬ ಬಡ ಹೆಣ್ಣುಮಗಳು ತನ್ನ ಬದುಕಿನಲ್ಲಿ ತೋರಿದಳು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕವೆಂದರೆ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಮಡಿಲು ತುಂಬಿತೆಂದು ಲಕ್ಕಮ್ಮ ಹಿಗ್ಗಲಿಲ್ಲ. ಇಂದಿನ ಅಗತ್ಯಕ್ಕೆ ಮೀರಿದ್ದು ತಮ್ಮದಲ್ಲವೆಂದೂ, ಹೆಚ್ಚಿನ ಆಸೆ ತಮ್ಮಂತಹ ಬಡಭಕ್ತರಿಗೆ ಒಪ್ಪದೆಂದೂ ಹೇಳಿ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿದಳು. ಈ ಕಥೆಯನ್ನು ಕೇಳಿದವರೆಲ್ಲ ಇಲ್ಲಿಗೇ ನಿಲ್ಲುವುದುಂಟು. ಆದರೆ ಅದರ ತಿರುಳು ಮುಂದಿದೆ. ಹಿಡಿ ಅಕ್ಕಿಯನ್ನು ಹಿಂದಿರುಗಿಸಿದ ಅದೇ ಬಡಮನೆಯಲ್ಲಿ ಬಸವಣ್ಣನವರೂ ಜಂಗಮಸಮೂಹವೂ ಉಂಡು ತೃಪ್ತರಾದರೆಂದು ಪರಂಪರೆ ಹೇಳುತ್ತದೆ. ಅಳತೆಯರಿತವಳೇ ನೀಡಬಲ್ಲವಳಾದಳು. ಅಳತೆಯಿಲ್ಲದ ಮನೆಯಲ್ಲಿ ಎಷ್ಟು ಬಂದರೂ ನೀಡಲು ಏನೂ ಉಳಿಯದು. ಮಿತವೇ ದಾಸೋಹದ ತಾಯಿ.

ಹಾಗಾದರೆ ಹಸಿದವನು ಏನು ಮಾಡಬೇಕು? ಮನೆಯ ಮೂಲೆಯನ್ನು ನೋಡಿದರೆ ಸಾಕು. ಈ ನಾಡಿನ ಹೊಲಗಳು ರಾಗಿಯನ್ನು ಬೆಳೆಯುತ್ತವೆ. ೨೦೨೪-೨೫ನೆಯ ಸಾಲಿನ ಬೆಂಬಲಬೆಲೆಯಂತೆ ಅದು ಕ್ವಿಂಟಾಲಿಗೆ ೪,೨೯೦ ರೂಪಾಯಿ, ಅಂದರೆ ಕಿಲೋಗೆ ಸುಮಾರು ೪೩. ಒಂದು ತಟ್ಟೆ ಕರಿದ ತಿನಿಸಿನ ಬೆಲೆಯೊಳಗೆ ಒಂದು ಸಂಸಾರದ ಎರಡು ಹೊತ್ತಿನ ಮುದ್ದೆಯ ಹಿಟ್ಟು ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಂಗೂ ಮಿಕ್ಕ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟನೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ವಿಶ್ವಸಂಸ್ಥೆಯು ೨೦೨೩ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿ ಲೋಕಕ್ಕೆ ಸಾರಿದ ಮಾತನ್ನು ಚನ್ನರಾಯಪಟ್ಟಣದ ಕಡೆಯ ಅಜ್ಜಿಯೊಬ್ಬಳು ಹುರಳಿ ಸಾರನ್ನು ಬಡಿಸುತ್ತ ಎಂದೋ ಹೇಳಿದ್ದಳು. ಮೊಮ್ಮಗನಿಗೆ ಆಗ ಕೇಳಿಸಲಿಲ್ಲ, ಅಷ್ಟೆ.

ಮುದ್ದೆ ಬೇಯಲು ಹೊತ್ತು ಬೇಕೆಂಬ ಆಕ್ಷೇಪ ಬರುವುದು ಸಹಜ. ಆತುರದವನಿಗೆ ಹಿರಿಯರು ಹುರಿಹಿಟ್ಟನ್ನು ಕೊಟ್ಟುಹೋಗಿದ್ದಾರೆ. ಅರಳಿಸಿದ ರಾಗಿಯ ಆ ಹಿಟ್ಟಿಗೆ ಬೆಲ್ಲವನ್ನೋ ಮಜ್ಜಿಗೆಯನ್ನೋ ಬೆರೆಸಲು ಗಾಡಿಯ ಮುಂದೆ ಸರದಿ ಕಾಯುವಷ್ಟು ಹೊತ್ತೂ ಬೇಡ. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಹುರಿಗಡಲೆ, ಬಾಳೆಹಣ್ಣು ಇವು ಬುತ್ತಿಗೆ ಹೇಳಿ ಮಾಡಿಸಿದವು. ಹಿಂದಿನ ರಾತ್ರಿ ಹತ್ತು ನಿಮಿಷ ಮುಂದಾಲೋಚಿಸಿದರೆ ಮರುದಿನ ಸಂಜೆಯ ಆತುರ ಅರ್ಧ ಇಳಿಯುತ್ತದೆ. ಆದರೆ ಈ ಹತ್ತು ನಿಮಿಷವನ್ನು ಹೆಣ್ಣೊಬ್ಬಳ ತಲೆಯ ಮೇಲೆಯೇ ಹೊರಿಸುವುದು ಶರಣಧರ್ಮಕ್ಕೆ ಸಲ್ಲದು. ಲಕ್ಕಮ್ಮನ ಮನೆಯಲ್ಲಿ ಅಕ್ಕಿ ಆಯ್ದು ತಂದವನು ಗಂಡ. ಇಬ್ಬರದೂ ಒಂದೇ ಕಾಯಕವಾಗಿತ್ತು. ದುಡಿದು ಬಂದ ಹೆಂಡತಿಯೊಡನೆ ಗಂಡನು ರೊಟ್ಟಿ ತಟ್ಟಿದರೆ, ಮಗನು ಸೊಪ್ಪು ಬಿಡಿಸಿದರೆ ಯಾರ ಹಿರಿಮೆಯೂ ಕುಂದದು. ಮನೆಯ ಖರ್ಚು ಮಾತ್ರ ಕುಂದುವುದು.

ಪ್ರಸಾದದ ಮರ್ಮವೂ ಇಲ್ಲಿಯೇ ಇದೆ. ಉಣ್ಣುವ ಮುನ್ನ ಒಂದು ಕ್ಷಣ ನಿಂತು ಲಿಂಗಕ್ಕೆ ಅರ್ಪಿಸುವುದೇ ಅರ್ಪಿತ. ಅರ್ಪಣೆಗೆ ಅವಧಾನ ಬೇಕು. ಅವಧಾನಕ್ಕೆ ಆತುರವೇ ಶತ್ರು. ಬಸ್ಸಿನ ಗಂಟೆಯನ್ನು ಕಿವಿಯಲ್ಲಿಯೂ ಫೋನಿನ ಚಿತ್ರವನ್ನು ಕಣ್ಣಿನಲ್ಲಿಯೂ ಇಟ್ಟುಕೊಂಡು ಬಾಯಿಗೆ ಹಾಕಿದ್ದು ಹೊಟ್ಟೆ ಸೇರುತ್ತದೆ, ಪ್ರಸಾದವಾಗುವುದಿಲ್ಲ. ಮನೆಯವರ ಕೈಯಿಂದ ಬಂದ ಬುತ್ತಿಯನ್ನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಚ್ಚಿ, ಅದರ ಹಿಂದಿರುವ ದುಡಿಮೆಯನ್ನು ನೆನೆದು, ಶಿವನಿಗರ್ಪಿಸಿ ಉಂಡವನಿಗೆ ಆ ಬೆಂಚೇ ಪಂಕ್ತಿ, ಆ ಬುತ್ತಿಯೇ ಪ್ರಸಾದ.

ಇಷ್ಟನ್ನು ಹೇಳುವಾಗ ಗಾಡಿಯ ಹಿಂದೆ ನಿಂತವನನ್ನು ಮರೆಯಲಾಗದು. ಅವನೂ ಕಾಯಕಜೀವಿ; ಉರಿಯ ಮುಂದೆ ನಡುರಾತ್ರಿಯವರೆಗೆ ಬೇಯುವವನು. ಅವನನ್ನು ಹೀನಾಯಿಸಿ ತಾನು ಶುದ್ಧನೆಂದುಕೊಳ್ಳುವವನು ಶರಣನಲ್ಲ. ಅವನ ಧರ್ಮ, ಒಳ್ಳೆಯ ಎಣ್ಣೆಯನ್ನು ಬಳಸಿ ಬಣ್ಣದ ಮೋಸವಿಲ್ಲದೆ ಬಡಿಸುವುದು. ಕೊಳ್ಳುವವನ ಧರ್ಮ, ಅಗತ್ಯವನ್ನೂ ಚಪಲವನ್ನೂ ಬೇರ್ಪಡಿಸಿ ನೋಡುವುದು. ಹಬ್ಬಕ್ಕೋ ಗೆಳೆಯರ ಕೂಟಕ್ಕೋ ಎಂದಾದರೊಮ್ಮೆ ತಿಂದದ್ದು ಪಾಪವಲ್ಲ. ವಾರಕ್ಕೆ ಎರಡು ಸಂಜೆ ಇದ್ದದ್ದು ತಿಂಗಳಿಗೆ ಒಂದಾದರೆ ಅದೇ ದೊಡ್ಡ ಗೆಲವು. ಮೆಲ್ಲಮೆಲ್ಲನೆ ಬಿಟ್ಟದ್ದು ನಿಲ್ಲುತ್ತದೆ; ಒಮ್ಮೆಗೇ ಬಿಟ್ಟದ್ದು ಮರಳಿ ಬರುತ್ತದೆ.

ಕಡೆಯದಾಗಿ, ಉಳಿದ ಹಣ ಎಲ್ಲಿಗೆ ಹೋಗಬೇಕು? ಮೇಲಿನ ಲೆಕ್ಕವನ್ನೇ ಹಿಡಿದರೆ ತಿಂಗಳಿಗೆ ೧,೦೪೦ ರೂಪಾಯಿ ಉಳಿಯುತ್ತದೆ. ಅಂಚೆಕಚೇರಿಯ ೫ ವರ್ಷದ ಆರ್‌ಡಿಯಲ್ಲಿ ತಿಂಗಳು ತಿಂಗಳೂ ಕಟ್ಟಿದರೆ ಬಡ್ಡಿಯನ್ನು ಬಿಟ್ಟೇ ೬೨,೪೦೦ ಆಗುತ್ತದೆ. ಅದು ಮಗಳ ಕಾಲೇಜಿನ ಬಾಗಿಲಾಗಬಹುದು. ಕಂತಿನವನು ಮನೆಗೆ ಬಾರದಂತೆ ಹಾಕಿದ ಅಗುಳಿಯಾಗಬಹುದು. ಆದರೆ ಹುದುಗಿಸಿಡುವುದಕ್ಕಾಗಿ ಉಳಿಸಿದ್ದು ಉಳಿತಾಯವಲ್ಲ, ಅದು ಲೋಭ. ಉಳಿದುದರಲ್ಲಿ ಒಂದು ಹಿಡಿ ದಾಸೋಹಕ್ಕೆ ಸಲ್ಲಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು (೧೯೦೭–೨೦೧೯) ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದುದು ಶ್ರೀಮಂತರ ಭಂಡಾರದಿಂದ ಮಾತ್ರವಲ್ಲ. ಸುಗ್ಗಿಯಲ್ಲಿ ಹಳ್ಳಿಹಳ್ಳಿಯ ಬಡವರು ಅಳೆದು ಕೊಟ್ಟ ರಾಗಿಯಿಂದಲೂ ಹೌದು. ೨೦೦೨ರಲ್ಲಿ ರಾಜ್ಯದ ೭ ಜಿಲ್ಲೆಗಳಲ್ಲಿ ಮೊದಲಾಗಿ ಬಳಿಕ ಎಲ್ಲೆಡೆಗೂ ಹಬ್ಬಿದ ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟುದೂ ಶರಣರ ನುಡಿಯ ಬಲದಿಂದಲೇ.

ಲಕ್ಕಮ್ಮ ಮರಳಿಸಿದ್ದು ಒಂದು ಹಿಡಿ ಅಕ್ಕಿ. ಇಂದಿನ ಗೃಹಸ್ಥನು ಮರಳಿಸಬೇಕಾದದ್ದು ವಾರದಲ್ಲಿ ಒಂದು ಸಂಜೆ. ಆ ಸಂಜೆ ಅರಕಲಗೂಡಿನ ಕಡೆಗೋ ಹೊಳೆನರಸೀಪುರದ ಕಡೆಗೋ ಹೊರಟ ಬಸ್ಸಿನಿಂದ ಅವನು ಬರಿಗೈಯಲ್ಲಿ ಇಳಿದರೂ, ಮನೆಯಲ್ಲಿ ಬಿಸಿ ಮುದ್ದೆ ಕಾದಿರಲಿ. ಮಕ್ಕಳು ಸುತ್ತ ಕುಳಿತಿರಲಿ. ದುಡಿದ ಕೈಗಳೆರಡೂ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಸಾಲವಿಲ್ಲದ ನಿದ್ರೆ, ರೋಗವಿಲ್ಲದ ದೇಹ, ನೀಡಬಲ್ಲ ಕೈ, ಈ ಮೂರೂ ಆ ಮನೆಗೆ ಶಿವನ ಕರುಣೆಯಿಂದ ಲಭಿಸಲಿ.